ಕೋಟಿಗೆ ಫಾಲ್ ಹಾಕಿಸುವ ಕಾಲ

ನಮ್ಮ ಕಡೆಯ ಹೆಂಗಸರಿಗೆ ಫಾಲ್ ಎಂದರೆ ಒಂದೇ ಅರ್ಥ. ಹೊಸ ಸೀರೆ ತಂದ ಮೇಲೆ ಅದರ ಬಣ್ಣಕ್ಕೆ ಹೊಂದುವ ಹತ್ತಿಯ ಪಟ್ಟಿಯೊಂದನ್ನು ಮ್ಯಾಚಿಂಗ್ ಸೆಂಟರಿನಲ್ಲಿ ಹುಡುಕಿ ತಂದು, ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ ಎಂದು ನೀರಿನಲ್ಲಿ ನೆನೆಸಿ ಒಣಗಿಸಿ, ಅಂಚಿನ ಒಳಗಡೆಗೆ ಹೊಲಿಸಿ, ಕೈಯೊಡನೆ ಜಿಗ್‌ಜಾಗ್ ಮಾಡಿಸಿ, ಸೆರಗಿಗೆ ಕುಚ್ಚು ಕಟ್ಟಿಸಿದರೆ ಆ ಸೀರೆಯ ಮಟ್ಟಿಗೆ ಫಾಲ್ ಪ್ರಕರಣ ಮುಗಿಯಿತು. ಷಿಕಾಗೊಗೆ ಕೆಲಸಕ್ಕೆಂದು ಬಂದ ಮೊದಲ ವರ್ಷ, ಸೆಪ್ಟೆಂಬರಿನ ಒಂದು ಭಾನುವಾರ, ರಾಮನಗರದ ಮನೆಗೆ ಫೋನು ಮಾಡಿ, "ಆಫೀಸಿಗೆ ಫಾಲ್ ಬಟ್ಟೆ ತಗೋಬೇಕಮ್ಮ" ಎಂದಾಗ ಅಮ್ಮನಿಗೆ ಆದ ಸಂತೋಷವನ್ನು ಹೇಳತೀರದು. "ಅಲ್ಲೂ ಆಫೀಸಿಗೆ ಸೀರೆ ಉಟ್ಕೊಂಡು ಹೋಗ್ತೀಯೇನೇ?" ಎಂದು ಕೇಳಿದರು. ಹಾಗಲ್ಲ, ಇಲ್ಲಿ ಎಲೆ ಉದುರುವ ಕಾಲಕ್ಕೆ ಫಾಲ್ ಎನ್ನುತ್ತಾರೆ, ಆ ಕಾಲಕ್ಕೆಂದೇ ಬೇರೆ ಬಟ್ಟೆಗಳಿರುತ್ತವೆ ಎಂದು ಬಿಡಿಸಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲೆ ಉದುರಿದ್ರೆ ಗುಡಿಸ್ಬೇಕು. ಬಟ್ಟೆ ಯಾಕೆ ತಗೋಬೇಕು?" ಎಂದರು.

ಈ ಪ್ರಶ್ನೆಗೆ ಪಂಚಾಂಗದಲ್ಲಿಯೂ ಉತ್ತರವಿಲ್ಲ. ನಮ್ಮ ಲೆಕ್ಕದಲ್ಲಿ ಆಶ್ವಯುಜ, ಕಾರ್ತಿಕಗಳು ಶರದೃತು. ಆಗ ಮಳೆ ಕಳೆದು ಆಕಾಶ ತಿಳಿಯಾಗುತ್ತದೆಯೇ ಹೊರತು ಎಲೆಗಳು ಮರದಲ್ಲಿಯೇ ಇರುತ್ತವೆ. ರಾಮನಗರದ ಬಂಡೆಗಳ ನಡುವಿನ ಕುರುಚಲು ಕಾಡು ಬೋಳಾಗುವುದು ಸಂಕ್ರಾಂತಿ ಕಳೆದ ಮೇಲೆ, ಶಿಶಿರದಲ್ಲಿ, ಜನರು ಇರುವ ಸ್ವೆಟರನ್ನು ಒಳಗಿಡುವ ಯೋಚನೆಯಲ್ಲಿರುವಾಗ. ಷಿಕಾಗೊದಲ್ಲಿಯಾದರೋ ಅಕ್ಟೋಬರಿನ ಒಂದೇ ದಿನದಲ್ಲಿ ಎರಡು ಮೂರು ಋತುಗಳು ಬಂದು ಹೋಗುತ್ತವೆ. ಬೆಳಿಗ್ಗೆ 45 ಡಿಗ್ರಿ, ಮಧ್ಯಾಹ್ನ 70, ಸಂಜೆ ಮಿಷಿಗನ್ ಸರೋವರದ ಕಡೆಯಿಂದ ಗಾಳಿ. ಇವು ಫ್ಯಾರನ್‌ಹೀಟ್ ಡಿಗ್ರಿಗಳು ಎಂಬುದು ನನಗೆ ತಿಳಿದೇ ಇತ್ತು. ಆದರೆ ಐವತ್ತು ಎಂಬ ಸಂಖ್ಯೆಯನ್ನು ಕಂಡೊಡನೆ ಬೆವರುವುದನ್ನು ಮಾತ್ರ ಕಲಿತಿದ್ದ ದೇಹ ಒಂದು ದಿನ ಹತ್ತಿಯ ಕುರ್ತಾದಲ್ಲಿ ಹೊರಟುಬಿಟ್ಟಿತು. ಅದು ಸೆಲ್ಸಿಯಸ್ ಲೆಕ್ಕದಲ್ಲಿ 10 ಎಂಬುದು ಎತ್ತರದ ರೈಲುನಿಲ್ದಾಣದಲ್ಲಿ ನಿಂತಾಗ ಯಾರ ಸಹಾಯವೂ ಇಲ್ಲದೆ ಹೊಳೆಯಿತು.

ಸ್ಫೂರ್ತಿಯ ಬೇಟೆ ಶುರುವಾದದ್ದು ಅಂದಿನಿಂದ. ಸ್ಫೂರ್ತಿ ಕವಿಗಳಿಗೆ ಮಾತ್ರ ಬೇಕಾಗುವ ವಸ್ತುವೆಂದು ತಿಳಿದಿದ್ದ ನನಗೆ, ಇಲ್ಲಿ ಸೋಮವಾರದ ಪ್ಯಾಂಟಿಗೂ ಅದು ಬೇಕು ಎಂಬುದು ಹೊಸ ವಿಷಯ. ಕೆಲಸಕ್ಕೆ ಹೋಗುವ ಹೆಂಗಸರು ಫಾಲ್ ಕಾಲದಲ್ಲಿ ಹೇಗೆ ಉಡಬೇಕೆಂದು ತೋರಿಸುವ ಚಿತ್ರಗಳನ್ನು ರಾತ್ರಿಯೆಲ್ಲ ನೋಡಿ ನೋಡಿ ಫೋನಿನಲ್ಲಿ ನೂರಕ್ಕೂ ಹೆಚ್ಚು ಕೂಡಿಟ್ಟೆ. ಎಲ್ಲದರಲ್ಲಿಯೂ ಇದ್ದವಳು ಒಬ್ಬಳೇ ಎನ್ನಬಹುದು. ಹಳದಿ ಎಲೆಗಳ ಮೇಲೆ ನಡೆದು ಬರುತ್ತಿರುತ್ತಾಳೆ, ಒಂದು ಕೈಯಲ್ಲಿ ಕಾಫಿಯ ಲೋಟವಿರುತ್ತದೆ, ಒಂಟೆಯ ಬಣ್ಣದ ಕೋಟನ್ನು ತೋಳು ತೊಡದೆ ಹೆಗಲಿಗೆ ಸುಮ್ಮನೆ ಹೊದ್ದಿರುತ್ತಾಳೆ. ಅವಳ ಬಳಿ ಲ್ಯಾಪ್‌ಟಾಪಿನ ಚೀಲವಿಲ್ಲ, ಊಟದ ಡಬ್ಬಿಯಿಲ್ಲ, ಕೊಡೆಯಿಲ್ಲ. ಇಷ್ಟನ್ನು ಗಮನಿಸಿದ ನಾನು ಎಲ್ಲಕ್ಕಿಂತ ಮುಖ್ಯವಾದದ್ದನ್ನು ಗಮನಿಸಲಿಲ್ಲ: ಯಾವ ಚಿತ್ರದಲ್ಲಿಯೂ ಅವಳು ಮೈಮೇಲಿನ ಒಂದು ಬಟ್ಟೆಯನ್ನೂ ತೆಗೆಯುತ್ತಿರಲಿಲ್ಲ.

ಕೋಟು ಕೊಳ್ಳಲು ಹೋದೆ. ಒಂದು ಅಂಗಡಿಯಲ್ಲಿ ನನ್ನ ಅಳತೆ 4, ಎರಡನೆಯದರಲ್ಲಿ 8, ರಸ್ತೆ ದಾಟಿದರೆ 10. ದಾರಿಯಲ್ಲಿ ನಾನೇನೂ ತಿಂದಿರಲಿಲ್ಲ. ಹೆಂಗಸರ ಸಿದ್ಧ ಉಡುಪುಗಳ ಅಳತೆಗೆ ಅಮೆರಿಕದ ಸರ್ಕಾರ 1958ರಲ್ಲಿ ಒಂದು ಮಾನದಂಡವನ್ನು ಪ್ರಕಟಿಸಿತ್ತಂತೆ. 1983ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಈಗ ಒಂದೊಂದು ಕಂಪನಿಯ ಎಂಟಕ್ಕೂ ಒಂದೊಂದು ಸುತ್ತಳತೆ. ರಾಮನಗರದಲ್ಲಿ ನಮ್ಮ ಟೈಲರ್ ಕೊರಳಿಗೆ ಟೇಪು ಹಾಕಿಕೊಂಡು, ಅಳತೆ ತೆಗೆದು ಬರೆದುಕೊಂಡ ಮೇಲೂ, "ಒಳಗೆ ಎರಡು ಹೊಲಿಗೆ ಬಿಟ್ಟಿರ್ತೀನಿ ಅಕ್ಕ, ದಪ್ಪ ಆದ್ರೆ ಬಿಚ್ಕೊಳ್ಳಿ" ಎನ್ನುತ್ತಿದ್ದರು. ಮನುಷ್ಯರ ಭವಿಷ್ಯದ ಬಗ್ಗೆ ಅಷ್ಟು ಕಾಳಜಿಯುಳ್ಳ ಉಡುಪನ್ನು ಆಮೇಲೆ ನಾನು ತೊಟ್ಟಿಲ್ಲ.

ಕೊನೆಗೆ ಎಂಟರ ಒಂದು ಟ್ರೆಂಚ್ ಕೋಟನ್ನು ತಂದೆ. ಅದರ ಹಿಂಭಾಗದಲ್ಲಿ, ಮಂಡಿಯ ಹತ್ತಿರ, ಒಂದು ಸೀಳು ಇತ್ತು. ಸೀಳಿನ ಮೇಲೆ ದಪ್ಪ ದಾರದಲ್ಲಿ ಹಾಕಿದ ಇಂಟು ಗುರುತು ಇತ್ತು. ನೋಡಲು ಚೆನ್ನಾಗಿಯೇ ಇತ್ತು. ಬ್ರ್ಯಾಂಡಿನ ಮುದ್ರೆ ಇರಬೇಕೆಂದುಕೊಂಡೆ. ಎರಡು ಜೇಬುಗಳಿಗೂ ಬಾಯಿ ಹೊಲಿದಿತ್ತು. ಹೆಂಗಸರ ಬಟ್ಟೆಗೆ ಜೇಬಿನ ಚಿತ್ರ ಮಾತ್ರ ಇಟ್ಟು ಜೇಬು ಕೊಡದಿರುವ ಅನ್ಯಾಯ ನನಗೆ ಹೊಸದಲ್ಲವಾದ್ದರಿಂದ, ಮನಸ್ಸಿನಲ್ಲಿಯೇ ಬೈದುಕೊಂಡು, ಹನ್ನೆರಡು ದಿನ ಫೋನು, ಬೀಗದ ಕೈ, ರೈಲಿನ ಕಾರ್ಡುಗಳನ್ನು ಕೈಯಲ್ಲಿ ಹಿಡಿದು ಓಡಾಡಿದೆ. ಹದಿಮೂರನೆಯ ದಿನ ರೈಲಿನಿಂದ ಇಳಿಯುವಾಗ ಹಿಂದೆ ಇದ್ದ ಹಿರಿಯ ಮಹಿಳೆಯೊಬ್ಬರು ನನ್ನ ತೋಳು ಮುಟ್ಟಿ, ಗುಟ್ಟು ಹೇಳುವಷ್ಟು ಮೆಲುದನಿಯಲ್ಲಿ, ಆ ಹೊಲಿಗೆಯನ್ನು ಕೊಂಡ ದಿನವೇ ಕತ್ತರಿಸಬೇಕು ಎಂದು ತಿಳಿಸಿದರು. ಸಾಗಿಸುವಾಗ ಕೋಟಿನ ಆಕಾರ ಕೆಡದಿರಲಿ ಎಂದು ಹಾಕುವ ಟಾಕಾ ಅದು. ಆಫೀಸಿನ ಶೌಚಾಲಯದಲ್ಲಿ ನೇಲ್ ಕಟರಿನಿಂದ ಒಂದೊಂದೇ ದಾರವನ್ನು ಕಿತ್ತೆ. ಜೇಬಿನ ಹೊಲಿಗೆಯೂ ಹಾಗೆಯೇ ಬಿಚ್ಚಿಕೊಂಡಿತು. ಒಳಗೆ ಮೊಣಕೈಯವರೆಗೆ ಇಳಿಯುವ ಜೇಬು! ಈ ಕಥೆಯನ್ನು ಕೇಳಿದ ಅಮ್ಮ, "ಅಂತೂ ಕೋಟಿಗೂ ಫಾಲ್ ಹಾಕೇ ಕೊಟ್ಟಿದ್ರು ಅನ್ನು, ನೀನೇ ಕಿತ್ತಾಕ್ದೆ" ಎಂದರು.

ಜೇಬು ಸಿಕ್ಕ ಹುರುಪಿನಲ್ಲಿ ಮರುದಿನ ಕೋಟನ್ನು ಆ ಚಿತ್ರದವಳಂತೆ ಹೆಗಲಿಗೆ ಹೊದ್ದು ಹೊರಟೆ. ಹೆಗಲಿನ ಮೇಲೆ ಕೋಟಿದ್ದರೆ ಚೀಲವನ್ನು ಎಲ್ಲಿ ತೂಗುಹಾಕಬೇಕು ಎಂಬುದು ಮೊದಲ ಸಮಸ್ಯೆ. ಕೋಟಿನ ಮೇಲೆ ಹಾಕಿದರೆ ಚೀಲ ಜಾರುತ್ತದೆ, ಒಳಗೆ ಹಾಕಿದರೆ ಗೂನುಬೆನ್ನು ಬಂದಂತೆ ಕಾಣುತ್ತದೆ. ಎರಡನೆಯ ಸಮಸ್ಯೆ ಗಾಳಿ. ವಾಬಾಶ್ ಬೀದಿಯ ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಗನಚುಂಬಿಗಳ ನಡುವೆ ನುಗ್ಗಿ ಬಂದ ಗಾಳಿ, ಅಗಸ ಬಟ್ಟೆ ಎಳೆದುಕೊಳ್ಳುವಂತೆ, ಕೋಟನ್ನು ಹಿಂದಿನಿಂದ ಎಳೆದುಕೊಂಡಿತು. ನಾನು ಗಮನಿಸದೆ ನಾಲ್ಕು ಹೆಜ್ಜೆ ಮುಂದೆ ನಡೆದಿದ್ದೆ. ಸಭ್ಯ ಗೃಹಸ್ಥರೊಬ್ಬರು ಅದನ್ನು ಎತ್ತಿ ಧೂಳು ಕೊಡವಿ ತಂದುಕೊಟ್ಟು, ತೋಳಿನ ತೂತುಗಳನ್ನು ನನಗೆ ಅನುಕೂಲವಾಗುವಂತೆ ಹಿಡಿದು ನಿಂತರು. ಫಾಲ್ ಎಂಬ ಪದದ ಮೂರನೆಯ ಅರ್ಥ ಅಂದು ತಿಳಿಯಿತು.

ಇಲ್ಲಿಯ ಉಡುಪಿನ ಮೂಲಮಂತ್ರ ಪದರ. ಬನಿಯನ್ನು, ಅದರ ಮೇಲೆ ಶರ್ಟು, ಅದರ ಮೇಲೆ ಸ್ವೆಟರು, ಅದರ ಮೇಲೆ ಕೋಟು, ಕೊರಳಿಗೆ ಸ್ಕಾರ್ಫು, ಹೀಗೆ ಚಿರೋಟಿಯಂತೆ ಪದರ ಪದರವಾಗಿ ಉಟ್ಟುಕೊಂಡು, ಬಿಸಿಲೇರಿದಂತೆ ಒಂದೊಂದನ್ನೇ ಕಳಚುತ್ತ ಹೋಗಬೇಕು. ಬಿಸಿಲಿಗೆ ಮಾತ್ರವಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಪ್ಲಾಟ್‌ಫಾರ್ಮಿನಲ್ಲಿ ಚಳಿ, ರೈಲಿನಲ್ಲಿ ಸೆಕೆ, ಆಫೀಸಿನಲ್ಲಿ ಮತ್ತೆ ಚಳಿ. ಆಫೀಸಿನ ಚಳಿ ನನ್ನ ಕಲ್ಪನೆಯಲ್ಲ. 2015ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಕಟ್ಟಡಗಳ ಒಳಗಿನ ಉಷ್ಣತೆಯನ್ನು ಗೊತ್ತುಮಾಡಲು 1960ರ ದಶಕದಿಂದ ಲೆಕ್ಕಕ್ಕೆ ಹಿಡಿದಿರುವುದು ಸುಮಾರು 70 ಕೆ.ಜಿ. ತೂಕದ ನಲವತ್ತು ವರ್ಷದ ಗಂಡಸಿನ ಮೈಬಿಸಿಯನ್ನು. ನಮ್ಮ ವಿಭಾಗದಲ್ಲಿ ಅಂಥವರು ಒಬ್ಬರಿದ್ದಾರೆ. ಅವರು ವರ್ಷವಿಡೀ ತೋಳು ಮಡಚಿಕೊಂಡು ಆರಾಮವಾಗಿ ಕುಳಿತಿರುತ್ತಾರೆ. ಅವರ ಸುತ್ತಲೂ ನಾವು ಏಳು ಮಂದಿ ಹೆಂಗಸರು ಕಾಶಿಯಾತ್ರೆಗೆ ಹೊರಟವರಂತೆ ಶಾಲು ಹೊದ್ದಿರುತ್ತೇವೆ.

ಹಾಗೆಂದು ಎಲ್ಲ ಕೋಣೆಗಳೂ ತಣ್ಣಗಿಲ್ಲ. ಮೀಟಿಂಗ್ ಕೋಣೆಯಲ್ಲಿ ಹತ್ತು ಜನ ಬಾಗಿಲು ಹಾಕಿಕೊಂಡು ಕುಳಿತರೆ ಅರ್ಧ ಗಂಟೆಯಲ್ಲಿ ಇಡ್ಲಿಪಾತ್ರೆಯಾಗುತ್ತದೆ. ಅಕ್ಟೋಬರಿನ ಒಂದು ಮಂಗಳವಾರ, ಅಂಥ ಮೀಟಿಂಗಿನ ನಡುವೆ, ತಲೆಯ ಮೇಲಿನಿಂದ ತೊಡುವ ಉಣ್ಣೆಯ ಸ್ವೆಟರನ್ನು ಸದ್ದಿಲ್ಲದೆ ತೆಗೆದುಬಿಡೋಣ ಎಂದು ನಿರ್ಧರಿಸಿದೆ. ಎರಡೂ ತೋಳು ಮೇಲೆತ್ತಿ, ಸ್ವೆಟರು ಮುಖದವರೆಗೆ ಬರುವ ತನಕ ಎಲ್ಲವೂ ಯೋಜನೆಯಂತೆ ನಡೆಯಿತು. ಅಲ್ಲಿ ಬಲಗಿವಿಯ ಜುಮುಕಿಯ ಕೊಂಡಿ ಉಣ್ಣೆಗೆ ಸಿಕ್ಕಿಕೊಂಡಿತು. ಎಳೆದರೆ ಕಿವಿ ಬರುತ್ತದೆ, ಬಿಟ್ಟರೆ ಸ್ವೆಟರು ಇಳಿಯುವುದಿಲ್ಲ. ಕೊರಳಿನ ಗುರುತಿನ ಚೀಟಿಯ ದಾರ ಬೇರೆ ಒಳಗೆ ಸುತ್ತಿಕೊಂಡಿತ್ತು. ಶರ್ಟು ಸ್ವೆಟರಿನ ಜೊತೆ ಮೇಲೇರದಂತೆ ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಕತ್ತಲಲ್ಲಿ ಕಿವಿಯನ್ನು ತಡಕಾಡುತ್ತಿದ್ದಾಗ ಮ್ಯಾನೇಜರು ನನ್ನ ಹೆಸರು ಹಿಡಿದು ಏನೋ ಕೇಳಿದರು. ಪ್ರಶ್ನೆ ಪೂರ್ತಿ ಕೇಳಿಸಲಿಲ್ಲ. ಆ ಸ್ಥಿತಿಯಲ್ಲಿ ಚರ್ಚೆ ಬೆಳೆಸುವುದು ಬೇಡವೆಂದು ಉಣ್ಣೆಯ ಒಳಗಿನಿಂದಲೇ ಹೌದು ಎಂದೆ. ಹೊರಗೆ ಬಂದಾಗ, ಒಣಹವೆಯಲ್ಲಿ ಉಣ್ಣೆ ಉಜ್ಜಿ ಹುಟ್ಟಿದ ಸ್ಥಾಯೀ ವಿದ್ಯುತ್ತಿನಿಂದ ಕೂದಲೆಲ್ಲ ನೆಟ್ಟಗೆ ನಿಂತಿತ್ತು, ಮತ್ತು ಎರಡು ವಾರದ ಕೆಲಸವನ್ನು ಶುಕ್ರವಾರದೊಳಗೆ ಮುಗಿಸಿಕೊಡಲು ನಾನು ಒಪ್ಪಿಕೊಂಡಾಗಿತ್ತು.

ಆ ವಾರಾಂತ್ಯ ಮುಂದೆ ಗುಂಡಿಯಿರುವ ಕಾರ್ಡಿಗನ್ನಿಗೆ ಬದಲಾದೆ. ತಲೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದೇ ಅದರ ದೊಡ್ಡ ಗುಣ. ಈ ಉಡುಪಿಗೆ ಹೆಸರು ಬಂದದ್ದು ಕಾರ್ಡಿಗನ್ನಿನ ಏಳನೆಯ ಅರ್ಲ್ ಎಂಬ ಇಂಗ್ಲಿಷ್ ಸೇನಾನಿಯಿಂದ. 1854ರ ಅಕ್ಟೋಬರ್ 25ರಂದು, ಕ್ರಿಮಿಯಾ ಯುದ್ಧದಲ್ಲಿ, ಬಾಲಾಕ್ಲಾವಾ ಎಂಬಲ್ಲಿ, ತಪ್ಪು ತಿಳಿವಳಿಕೆಯಿಂದ ಹೊರಟ ಆಜ್ಞೆಯೊಂದನ್ನು ಪಾಲಿಸಿ ತನ್ನ ಕುದುರೆಪಡೆಯನ್ನು ಶತ್ರುಗಳ ಫಿರಂಗಿಗಳ ಮುಂದೆ ನುಗ್ಗಿಸಿದವನು ಆತ. ಅವನ ಮೇಲಧಿಕಾರಿ ರಾಗ್ಲನ್ ಪ್ರಭುವಿನ ಹೆಸರು ಒಂದು ಬಗೆಯ ತೋಳಿಗೆ ಅಂಟಿಕೊಂಡಿದೆ. ಊರಿನ ಹೆಸರು ಮಂಕಿ ಟೋಪಿಗೆ ಹೋಗಿದೆ. ನನ್ನ ಟ್ರೆಂಚ್ ಕೋಟು ಕೂಡ ಮೊದಲ ಮಹಾಯುದ್ಧದ ಕಂದಕಗಳಿಂದ ಹೆಸರು ಪಡೆದದ್ದು, ಅದಕ್ಕೇ ಹೆಗಲ ಮೇಲೆ ಪಟ್ಟಿ, ಸೊಂಟದಲ್ಲಿ ಲೋಹದ ಬಳೆ. ಇವನ್ನೆಲ್ಲ ತೊಟ್ಟು ಬೆಳಿಗ್ಗೆ ಏಳೂಮುಕ್ಕಾಲಿಗೆ ಮನೆಯಿಂದ ಹೊರಡುವವಳಿಗೆ ದಂಡಯಾತ್ರೆಯ ಭಾವನೆ ಬಂದರೆ ಆಶ್ಚರ್ಯವೇನು? ಅದರಲ್ಲಿಯೂ, ಸರಿಯಾಗಿ ಕೇಳಿಸದ ಆಜ್ಞೆಗೆ ಹೂಂ ಎಂದು ಮುನ್ನುಗ್ಗಿದ ವಿಷಯದಲ್ಲಿ ಆ ಅರ್ಲ್ ನನಗೆ ಬಂಧುವೇ ಆಗಬೇಕು.

ಇತ್ತ ಜುಮುಕಿಯಿಂದ ಎಳೆ ಕಿತ್ತುಬಂದ ಸ್ವೆಟರಿನ ಮುಂದಿನ ಗತಿಯನ್ನು ನನ್ನ ಯಜಮಾನರು ನೋಡಿಕೊಂಡರು. ಮನೆಗೆಲಸದಲ್ಲಿ ಕೈಜೋಡಿಸುವ ಉತ್ಸಾಹದಲ್ಲಿ ಅದನ್ನು ಟವೆಲುಗಳ ಜೊತೆ ಬಿಸಿನೀರಿನಲ್ಲಿ ಒಗೆದು, ಡ್ರೈಯರಿನಲ್ಲಿ ಒಂದು ಗಂಟೆ ಉರುಳಿಸಿದರು. ಉಣ್ಣೆಯ ಎಳೆಯ ಮೇಲೆ ಮೀನಿನ ಚಿಪ್ಪಿನಂತಹ ಪದರಗಳಿರುತ್ತವೆ. ಶಾಖ, ತೇವ, ತಿಕ್ಕಾಟ ಮೂರೂ ಒಟ್ಟಿಗೆ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ. ಡ್ರೈಯರಿನಿಂದ ಹೊರಬಂದ ವಸ್ತು ಎರಡು ವರ್ಷದ ಮಗುವಿಗೆ ಬಿಗಿಯಾಗುವಷ್ಟಿತ್ತು, ರಟ್ಟಿನಷ್ಟು ಗಟ್ಟಿಯಾಗಿತ್ತು. ಯಜಮಾನರು ಅದನ್ನು ಬೆಳಕಿಗೆ ಹಿಡಿದು, "ಬಣ್ಣ ಮಾತ್ರ ಸ್ವಲ್ಪವೂ ಹೋಗಿಲ್ಲ" ಎಂದರು. ಅಮ್ಮನ ಸಲಹೆಯಂತೆ ಅದನ್ನು ನಾಲ್ಕು ತುಂಡು ಮಾಡಿದೆ. ಕುಕ್ಕರನ್ನು ಇಳಿಸಲು ಅಂತಹ ಮಸಿಬಟ್ಟೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಬಿಸಿ ತಾಗುವುದಿಲ್ಲ, ಅಂಚು ಬಿಚ್ಚಿಕೊಳ್ಳುವುದಿಲ್ಲ. ಮಸಿಬಟ್ಟೆಗೆ ಕೊಟ್ಟ ಬೆಲೆ 89 ಡಾಲರ್ ಎಂಬುದನ್ನು ಅಮ್ಮನಿಗೆ ಹೇಳಿಲ್ಲ.

ಇನ್ನು ಕಾಲಿನ ವಿಷಯ. ಸ್ಕರ್ಟಿನ ಕೆಳಗೆ ತೊಡುವ ಟೈಟ್ಸನ್ನು ಇಲ್ಲಿ ಡೆನಿಯರ್ ಲೆಕ್ಕದಲ್ಲಿ ಮಾರುತ್ತಾರೆ, ಮತ್ತು ಆ ಪದವನ್ನು ಪೊಟ್ಟಣದ ಮೇಲೆ ಕಂಡಾಗ ನನಗೆ ತವರಿನವರು ಯಾರೋ ಎದುರಾದಂತಾಯಿತು. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನ ಸೋದರಮಾವ ಗೂಡಿನಿಂದ ನೂಲು ತೆಗೆಯುವ ರೀಲರ್ ಆಗಿದ್ದರು. ಬೇಯಿಸಿದ ಗೂಡಿನ ವಾಸನೆಯ ನಡುವೆ, "ಇಪ್ಪತ್ತು–ಇಪ್ಪತ್ತೆರಡು ಡೆನಿಯರ್ ಬರ್ಬೇಕು, ಅದಕ್ಕಿಂತ ದಪ್ಪ ಬಂದ್ರೆ ಯಾರೂ ಮುಟ್ಟಲ್ಲ" ಎಂದು ಅವರು ಕೂಗಾಡುವುದನ್ನು ಕೇಳುತ್ತಲೇ ಬೆಳೆದವಳು ನಾನು. ಅಂಗಡಿಯ ಹುಡುಗಿ ಈ ಚಳಿಗೆ 80 ಡೆನಿಯರ್ ಒಳ್ಳೆಯದೆಂದಳು. ಎಂಬತ್ತೇ? ಅದು ಹಗ್ಗವಲ್ಲವೇ ಎನ್ನಿಸಿ, ಮಾವನ ಮರ್ಯಾದೆ ಕಾಯಲು 20 ಡೆನಿಯರಿನದನ್ನೇ ಕೊಂಡೆ.

ನವರಾತ್ರಿಯ ಲಲಿತಾ ಪಂಚಮಿಯಂದು ನಗರದ ಹೊರವಲಯದಲ್ಲಿರುವ ಗೆಳತಿಯೊಬ್ಬಳು ಗೊಂಬೆ ನೋಡಲು, ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಮನೆಗೆ ಹೋಗಿ ಸೀರೆ ಉಟ್ಟು ಬರುವಷ್ಟು ಸಮಯವಿರಲಿಲ್ಲ. ಅಂದು ನನ್ನ ಉಡುಪು ಕೂಡ, ನಾನೇ ಹೇಳಿಕೊಳ್ಳಬಾರದು, ಆ ನೂರು ಚಿತ್ರಗಳ ಸಾರದಂತಿತ್ತು: ಸಾಸಿವೆ ಬಣ್ಣದ ಕಾರ್ಡಿಗನ್, ಕಂದು ಸ್ಕರ್ಟು, ನಯವಾದ ಟೈಟ್ಸು, ಮಂಡಿಯವರೆಗಿನ ಬೂಟು. ಬಾಗಿಲಿನಲ್ಲಿ ಚಪ್ಪಲಿಗಳ ರಾಶಿಯನ್ನು ಕಂಡ ಮೇಲೆಯೇ ಬೂಟು ಬಿಚ್ಚಬೇಕೆಂಬುದು ನೆನಪಾಯಿತು. ಎಡಗಾಲಿನದು ಬಂತು. ಬಲಗಾಲಿನ ಜಿಪ್ಪು ಅರ್ಧ ಇಳಿದು ಟೈಟ್ಸನ್ನು ಕಚ್ಚಿಕೊಂಡಿತು. ಹೊಸ್ತಿಲಿನ ಪಕ್ಕದ ಮೆಟ್ಟಿಲಿನ ಮೇಲೆ ಕುಳಿತು ಎಳೆದೆ. ಗೆಳತಿ ಕುಂಕುಮದ ತಟ್ಟೆ ಹಿಡಿದುಕೊಂಡು ಕಾದಳು. ಸುಂಡಲಿನ ದೊನ್ನೆ ಹಿಡಿದ ಐದಾರು ಮಕ್ಕಳು ಗೊಂಬೆಗಳನ್ನು ಬಿಟ್ಟು ನನ್ನನ್ನು ನೋಡಲು ಬಂದು ನಿಂತರು. ಕೊನೆಗೆ ಗೆಳತಿಯ ಅತ್ತೆ, ಮೈಸೂರಿನಿಂದ ಬಂದಿದ್ದ ಎಪ್ಪತ್ತರ ಹಿರಿಯರು, ಸೆರಗು ಸಿಕ್ಕಿಸಿಕೊಂಡು, "ನೀನು ಬಾಗಿಲು ಗಟ್ಟಿಯಾಗಿ ಹಿಡ್ಕೋ" ಎಂದು ನನಗೆ ಅಪ್ಪಣೆ ಮಾಡಿ, ಹಿಮ್ಮಡಿ ಹಿಡಿದು ಒಂದೇ ಸಲ ಎಳೆದರು. ಬೂಟು ಬಂತು. ಅದರೊಡನೆ ಹೊರಬಂದ ಪಾದದಲ್ಲಿ, ಟೈಟ್ಸನ್ನು ಕೊರೆದುಕೊಂಡು ಇಣುಕುತ್ತಿದ್ದ ಬೆರಳಿನ ಮೇಲೆ ನನ್ನ ಬೆಳ್ಳಿಯ ಕಾಲುಂಗುರ ಹೊಳೆಯುತ್ತಿತ್ತು, ಅಲ್ಲಿಂದ ಏಣಿಯಂತಹ ಹರಕು ಮಂಡಿಯವರೆಗೂ ಹತ್ತಿಹೋಗಿತ್ತು. ಇಪ್ಪತ್ತು ಡೆನಿಯರಿನ ನೂಲಿಗೆ ಕಾಲುಂಗುರವನ್ನು ತಡೆಯುವ ಶಕ್ತಿಯಿಲ್ಲ ಎಂಬುದನ್ನು ಮಾವ ಎಂದೂ ಹೇಳಿರಲಿಲ್ಲ. ಅತ್ತೆಯವರು ಹರಕನ್ನು ಗಮನಿಸಿದಂತೆಯೇ ತೋರಲಿಲ್ಲ. ಬೆರಳನ್ನು ನೋಡಿ, "ಸದ್ಯ, ಕಾಲುಂಗುರ ತೆಗೆದಿಲ್ಲವಲ್ಲ" ಎಂದು ಸಮಾಧಾನಪಟ್ಟರು.

ಒಳಗೆ ಹೋದ ಮೇಲೆ, ಮೇಲಿನ ಮೆಟ್ಟಿಲಿನ ಪಟ್ಟದ ಗೊಂಬೆಗಳ ಮುಂದೆ ರೇಷ್ಮೆ ಸೀರೆಗಳ ನಡುವೆ ಕುಳಿತಾಗ, ನನ್ನ ಬಣ್ಣಗಳ ವಿಚಾರಣೆ ನಡೆಯಿತು. ನಮ್ಮ ಹೆಂಗಸರು ಬಣ್ಣವನ್ನು ಅಡುಗೆಮನೆಯಿಂದಲೇ ಗುರುತಿಸುವವರು. ಬದನೆಕಾಯಿ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ, ಕಾಫಿಪುಡಿ ಬಣ್ಣ ಎಂದರೆ ಅಂಗಡಿಯವನು ಸರಿಯಾದ ಸೀರೆಯನ್ನೇ ಬಿಚ್ಚಿ ಹಾಕುತ್ತಾನೆ. ಅಂಗಡಿಯಲ್ಲಿ ನಾಲ್ಕು ಪದಗಳ ಹೆಸರಿದ್ದ ನನ್ನ ಸ್ಕಾರ್ಫಿಗೆ ಅತ್ತೆಯವರು ಕ್ಷಣಾರ್ಧದಲ್ಲಿ, "ಸಾರಿನಪುಡಿ ಬಣ್ಣ" ಎಂದು ನಾಮಕರಣ ಮಾಡಿದರು. ಇವು ಈ ಕಾಲದ ಎಲೆಗಳ ಬಣ್ಣ, ಹಗಲು ಕುಗ್ಗಿದಂತೆ ಎಲೆಯ ಹಸಿರು ಕರಗಿ ಒಳಗೆ ಮೊದಲೇ ಇದ್ದ ಹಳದಿ ಹೊರಗೆ ಕಾಣುತ್ತದೆ, ಕೆಂಪು ಹೊಸದಾಗಿ ಹುಟ್ಟುತ್ತದೆ ಎಂದು ನಾನು ಸ್ವಲ್ಪ ಜಂಬದಿಂದಲೇ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಒಣಗಿದೆಲೆ ಬಣ್ಣ. ಹಬ್ಬದ ದಿನ ಯಾಕಮ್ಮ ಅದು?" ಎಂದು, ತಾಂಬೂಲದ ಜೊತೆ ಗಿಳಿಹಸಿರು ಬಣ್ಣದ ಒಂದು ಬ್ಲೌಸ್ ಪೀಸನ್ನು ನನ್ನ ಕೈಗಿಟ್ಟರು.

ನವೆಂಬರಿನ ಮೊದಲ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಸಂಜೆ ನಾಲ್ಕೂವರೆಗೇ ಕತ್ತಲಾಗತೊಡಗಿತು. ಅಷ್ಟು ಹೊತ್ತಿಗೆ ನಾನು ಕಲಿಯಬೇಕಾದುದನ್ನೆಲ್ಲ ಕಲಿತಿದ್ದೆ. ಜುಮುಕಿಯ ಬದಲು ಓಲೆ, ಮಂಡಿ ಬೂಟಿನ ಬದಲು ಎಲಾಸ್ಟಿಕ್ ಇರುವ ಗಿಡ್ಡ ಬೂಟು, 20ರ ಬದಲು 80 ಡೆನಿಯರ್. ಕನ್ನಡಿಯ ಮುಂದೆ ನಿಂತು ಕೋಟು ತೊಡುವುದಕ್ಕಿಂತ ತೆಗೆಯುವುದನ್ನೇ ಅಭ್ಯಾಸ ಮಾಡಿದ್ದೆ. ಆರು ಸೆಕೆಂಡು ಸಾಕಾಗುತ್ತಿತ್ತು. ಒಂದು ಗುರುವಾರ ಬೆಳಿಗ್ಗೆ ಎಲ್ಲವೂ ತಾನಾಗಿ ಕೂಡಿಬಂದು, ಚಿತ್ರದವಳು ಕಂಡರೆ ಅವಳೇ ನನ್ನ ಫೋಟೊ ತೆಗೆದಿಟ್ಟುಕೊಳ್ಳಬೇಕು ಎನಿಸುವಷ್ಟು ಸೊಗಸಾಗಿ ಸಿದ್ಧಳಾದೆ. ಹೊರಡುವ ಮುನ್ನ ಫೋನು ನೋಡಿದೆ. 19 ಡಿಗ್ರಿ, ಎಂದರೆ ಸೆಲ್ಸಿಯಸ್ಸಿನಲ್ಲಿ ಸೊನ್ನೆಯಿಂದ ಏಳು ಕೆಳಗೆ. ಟ್ರೆಂಚ್ ಕೋಟನ್ನು ಮೊಳೆಗೆ ನೇತುಹಾಕಿ, ಬಾತುಕೋಳಿಯ ಗರಿ ತುಂಬಿದ ಕಪ್ಪು ಜಾಕೆಟನ್ನು ಗಲ್ಲದಿಂದ ಮೊಣಕಾಲಿನ ಕೆಳಗಿನವರೆಗೆ ಜಿಪ್ಪೆಳೆದುಕೊಂಡು ಹೊರಟೆ.

ಪ್ಲಾಟ್‌ಫಾರ್ಮಿನಲ್ಲಿ ಗುಂಡಿ ಒತ್ತಿದರೆ ಉರಿಯುವ ಶಾಖದ ದೀಪದ ಕೆಳಗೆ ನನ್ನಂತೆಯೇ ರಜಾಯಿಯನ್ನು ಹೊಲಿದು ತೊಟ್ಟ ಹದಿನೈದಿಪ್ಪತ್ತು ಮಂದಿ ಒತ್ತಾಗಿ ನಿಂತಿದ್ದರು. ಯಾರು ಹೆಂಗಸು, ಯಾರು ಗಂಡಸು, ಯಾರ ಒಳಗೆ ಯಾವ ಬಣ್ಣವಿದೆ ಎಂದು ಹೇಳುವಂತಿರಲಿಲ್ಲ. ರಾಮನಗರದಲ್ಲಿ ಆಗ ಸಂಜೆ ಏಳೂವರೆ. ಅಮ್ಮನ ವಿಡಿಯೊ ಕರೆ ಬಂತು. "ಇದೇನೇ, ಹಾಸಿಗೆ ಸುತ್ಕೊಂಡು ಹೊರಟಿದೀಯ? ತಿಂಗಳಿಂದ ಫಾಲ್ ಬಟ್ಟೆ ಫಾಲ್ ಬಟ್ಟೆ ಅಂತಿದ್ದೆ, ಎಲ್ಲಿ, ತೋರ್ಸು" ಎಂದರು. ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಜಿಪ್ಪನ್ನು ನಾಲ್ಕು ಅಂಗುಲ ಇಳಿಸಿದೆ. ಸಾಸಿವೆ ಬಣ್ಣ ಒಂದಿಷ್ಟು ಕಂಡಿತು, ಗಾಳಿ ಒಳಗೆ ನುಗ್ಗಿತು, ರೈಲು ಬಂತು.